ಮದುವೆಯ ನಂತರ ತಿಳಿದ ಕಾಯಿಲೆ

1857ರ ಫೆಬ್ರುವರಿಯಲ್ಲಿ ಸೈಬೀರಿಯಾದ ಕುಜ್ನೆಟ್ಸ್ಕ್‌ನಲ್ಲಿ ಮಾರಿಯಾ ಎಂಬ ವಿಧವೆಯನ್ನು ವರಿಸಿದ ಫ್ಯೋದೊರ್ ದಾಸ್ತೋವ್‌ಸ್ಕಿ, ತನ್ನ ಸೇನಾಪಡೆಯಿದ್ದ ಊರಿಗೆ ಆಕೆಯೊಡನೆ ಮರಳುವಾಗ ದಾರಿಯಲ್ಲಿ ಬಾರ್ನಾಲ್‌ನಲ್ಲಿ ತಂಗಿದ. ಅಲ್ಲಿ ಆತ ಇದ್ದಕ್ಕಿದ್ದಂತೆ ಕೂಗಿ ಕುಸಿದುಬಿದ್ದ. ಪರೀಕ್ಷಿಸಿದ ವೈದ್ಯ ಅದು ಅಪಸ್ಮಾರವೆಂದು ಸ್ಪಷ್ಟವಾಗಿ ತಿಳಿಸಿದ. ಅದುವರೆಗೆ ಇತರ ವೈದ್ಯರು ನರಗಳ ದೌರ್ಬಲ್ಯ, ಕ್ರಮೇಣ ಹೋಗುತ್ತದೆ ಎಂದು ಸಮಾಧಾನ ಹೇಳಿದ್ದರು. ನಿಜ ಗೊತ್ತಿದ್ದರೆ ಮದುವೆಯಾಗುತ್ತಲೇ ಇರಲಿಲ್ಲವೆಂದು ಆತ ಅಣ್ಣನಿಗೆ ಬರೆದ.

ರಾಜದ್ರೋಹದ ಆರೋಪದ ಮೇಲೆ 1849ರ ಡಿಸೆಂಬರಿನಲ್ಲಿ ವಧಾಸ್ಥಾನದವರೆಗೆ ಹೋಗಿ ಬದುಕಿ ಬಂದವನು ಆತ. ಅನಂತರ ಓಮ್ಸ್ಕ್ ಸೆರೆಮನೆಯಲ್ಲಿ ನಾಲ್ಕು ವರ್ಷ ಕಠಿಣ ಶಿಕ್ಷೆ. ಮೊದಲ ಮೂರ್ಛೆ 1850ರಲ್ಲೇ ಬಂದಿತ್ತೆಂದು ಸೇನೆಯ ವೈದ್ಯರ ಪ್ರಮಾಣಪತ್ರ ಹೇಳುತ್ತದೆ. ಈ ಕಾಯಿಲೆಯನ್ನೇ ಕಾರಣವಾಗಿ ತೋರಿಸಿ ಆತ ಸೇನೆಯಿಂದ ಬಿಡುಗಡೆ ಬೇಡಿದ. 1859ರಲ್ಲಿ ಅದು ದೊರೆಯಿತು. ಸೇವಾವಧಿಯಲ್ಲಿ ನಾನು ಎಷ್ಟೋ ವೈದ್ಯಕೀಯ ಪ್ರಮಾಣಪತ್ರಗಳನ್ನು ಕಡತಗಳಲ್ಲಿ ಕಂಡಿದ್ದೇನೆ. ಸಾಹಿತ್ಯಕ್ಕೆ ಇಷ್ಟು ಉಪಕಾರ ಮಾಡಿದ್ದು ಇನ್ನೊಂದಿರಲಾರದು.

ಎರಡನೆಯ ಮದುವೆಯ ಕತೆ ಬೇರೆ. 1866ರ ಅಕ್ಟೋಬರಿನಲ್ಲಿ ಶೀಘ್ರಲಿಪಿ ಬರೆದುಕೊಳ್ಳಲು ಬಂದ ಇಪ್ಪತ್ತರ ತರುಣಿ ಅನ್ನಾಳಿಗೆ ಆತ ಮೊದಲ ಭೇಟಿಯಲ್ಲೇ ತನ್ನ ರೋಗದ ವಿಷಯ ಹೇಳಿಬಿಟ್ಟ. ಮರುವರ್ಷ ಮದುವೆಯಾಯಿತು. ಕೆಲವೇ ದಿನಗಳಲ್ಲಿ ಆಕೆಯ ಅಕ್ಕನ ಮನೆಯಲ್ಲಿ ಆತನಿಗೆ ಮೂರ್ಛೆ ಬಂದಾಗ ಅಕ್ಕ ಹೆದರಿ ಓಡಿದಳು. ಅನ್ನಾ ನೆಲದ ಮೇಲೆ ಕುಳಿತು ಪತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಮ್ಮ ಬೀದಿಗಳಲ್ಲಿ ಇಂದಿಗೂ ಬಿದ್ದವರ ಕೈಗೆ ಬೀಗದಕೈ ಗೊಂಚಲು ತುರುಕುವವರಿದ್ದಾರೆ. ಅದು ನಿಷ್ಪ್ರಯೋಜಕ. ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಪ್ರತಿ ಮೂರ್ಛೆಯ ನಂತರ ಆತನನ್ನು ದಿನಗಟ್ಟಲೆ ವಿಷಾದ, ಮರೆವು ಆವರಿಸುತ್ತಿದ್ದವು. ಬರೆಯುತ್ತಿದ್ದ ಕಾದಂಬರಿಯ ಪಾತ್ರಗಳ ಹೆಸರೂ ಮರೆಯುತ್ತಿತ್ತು. ಮೂರ್ಛೆ ಬಂದ ದಿನಾಂಕಗಳನ್ನು ಮಾತ್ರ ಟಿಪ್ಪಣಿ ಪುಸ್ತಕದಲ್ಲಿ ಗುರುತಿಸುತ್ತಿದ್ದ. ಇದು ಮೆದುಳಿನ ಜೀವಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಮಿತಿಮೀರುವ ಸ್ಥಿತಿಯೆಂದು ಆಗ ರೋಗಿಗಳಿಗೆ ಹೇಳುವವರಿರಲಿಲ್ಲ. ಮಾನವ ಮೆದುಳಿನ ವಿದ್ಯುತ್ ಅಲೆಗಳನ್ನು ಜರ್ಮನಿಯ ಹಾನ್ಸ್ ಬರ್ಗರ್ ದಾಖಲಿಸಿದ್ದು 1924ರಲ್ಲಿ. ಇಂದು ಸರಿಯಾದ ಚಿಕಿತ್ಸೆ ದೊರೆತರೆ ಸುಮಾರು ಶೇಕಡ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಲ್ಲರು.

ಕಾನೂನು ಮಾತ್ರ ವಿಜ್ಞಾನಕ್ಕಿಂತ ನಿಧಾನ. ನಮ್ಮ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ, ಔಷಧಗಳು ಬಂದು ದಶಕಗಳಾದ ಮೇಲೆ, ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಸೇರಿಸಲಾಯಿತು. ಅದನ್ನು ತೆಗೆದದ್ದು 1999ರಲ್ಲಿ. ಮುಚ್ಚಿಟ್ಟು ಮದುವೆ ಮಾಡುವ ಕುಟುಂಬಗಳ ಭಯ ಇನ್ನೂ ತೀರಿಲ್ಲ.

1878ರ ಮೇ ತಿಂಗಳಲ್ಲಿ ಮೂರು ವರ್ಷವೂ ತುಂಬದ ಮಗ ಅಲ್ಯೋಷಾ ಗಂಟೆಗಟ್ಟಲೆ ನಿಲ್ಲದ ಮೂರ್ಛೆಯಲ್ಲಿ ತೀರಿಕೊಂಡ. ರೋಗ ತನ್ನಿಂದಲೇ ಮಗುವಿಗೆ ಬಂತೆಂಬ ಕೊರಗು ತಂದೆಯನ್ನು ಹಿಂಡಿತು. ಆಗ ತೊಡಗಿದ್ದ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಆತ ಸಜ್ಜನನಾದ ಕಿರಿಯ ಸಹೋದರನಿಗೆ ಮಗನ ಹೆಸರಿಟ್ಟ. ತನ್ನ ರೋಗವನ್ನು ಕೊಲೆಗಾರನಾದ ಅಡುಗೆಯಾಳಿಗೆ ಕೊಟ್ಟ.