ಕಾರು ಬದಲಾಯ್ತು, ಕೈ ಅದೇ
ನಾವು ಲ್ಯಾಬ್‌ನಲ್ಲಿ ನೋಡೋ ಡೈನಮೋಮೀಟರೇ ಅಮೆರಿಕದ ಡ್ರ್ಯಾಗ್ ರೇಸರ್ ‘ಡೈನೋ’ ಡಾನ್ ನಿಕಲ್ಸನ್ ಅವರ ಅಡ್ಡಹೆಸರು. ಚಕ್ರಕ್ಕೆ ಎಷ್ಟು ಪವರ್ ಮುಟ್ಟುತ್ತೆ ಅಂತ ಅಳೆದು ಎಂಜಿನ್ ಟ್ಯೂನ್ ಮಾಡೋದ್ರಲ್ಲಿ ಅವರದು ಪಳಗಿದ ಕೈ. 1961, 1962ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಷೆವ್ರೊಲೆ 409 ಓಡಿಸಿ ಗೆದ್ದರು.

1963ರ ಆರಂಭದಲ್ಲಿ ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ರೇಸಿಂಗ್‌ಗೆ ಕೊಡ್ತಿದ್ದ ಬೆಂಬಲ ನಿಲ್ಲಿಸಿತು. ಹೆಸರು ತಂದುಕೊಟ್ಟ ಬ್ರ್ಯಾಂಡನ್ನೇ ಹಿಡಿದು ಕೂತರೆ ಕಾಲು ಮೈಲಿ ಓಟದಲ್ಲಿ ಹಿಂದೆ ಬೀಳಬೇಕು. 1964ರಲ್ಲಿ ನಿಕಲ್ಸನ್ ಫೋರ್ಡ್ ಬಳಗದ ಮರ್ಕ್ಯುರಿ ಕಾಮೆಟ್ ಹತ್ತಿದರು.

1966ರ ಅವರ ಕಾಮೆಟ್‌ಗೆ ಮೇಲಕ್ಕೆತ್ತೋ ಒಂದೇ ತುಂಡಿನ ಫೈಬರ್‌ಗ್ಲಾಸ್ ಬಾಡಿ. ಆಮೇಲೆ ಫನ್ನಿ ಕಾರ್‌ಗಳು ಅದೇ ದಾರಿ ಹಿಡಿದವು. 1977ರಲ್ಲಿ ಫೋರ್ಡ್ ಓಡಿಸಿಯೇ ಪ್ರೋ ಸ್ಟಾಕ್ ಚಾಂಪಿಯನ್ ಆದರು. 2006ರಲ್ಲಿ ತೀರಿಕೊಂಡರು.

ಷೆವ್ರೊಲೆ ಬಿಟ್ಟರೂ, ಅಳೆದು ನೋಡೋ ಅಭ್ಯಾಸ ಅವರು ಬಿಡಲಿಲ್ಲ. ಗೆಲ್ಲಿಸಿದ್ದು ಅದೇ.