ಶಾಲಾ ಶಿಕ್ಷಕ ಜಾರ್ಜ್ ಸೈಮನ್ ಓಮ್

ಮಕ್ಕಳೇ, ಹಾಳಾದ ರೇಡಿಯೊವನ್ನು ಬಿಚ್ಚಿ ನೋಡಿದ್ದೀರಾ? ಅದರೊಳಗೆ ಬಣ್ಣದ ಪಟ್ಟಿಗಳಿರುವ ಪುಟ್ಟ ಪುಟ್ಟ ರೋಧಕಗಳಿರುತ್ತವೆ. ವಿದ್ಯುತ್ ಪ್ರವಾಹಕ್ಕೆ ತಡೆಯೊಡ್ಡುವ ಗುಣವೇ ರೋಧ. ಅದನ್ನು ಅಳೆಯುವ ಮಾನ ‘ಓಮ್’. ಇದು ನಿಮ್ಮ ಮೇಷ್ಟ್ರಂತೆಯೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಶಿಕ್ಷಕನ ಹೆಸರು!

ಜಾರ್ಜ್ ಸೈಮನ್ ಓಮ್ 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆ ಬೀಗ ಮಾಡುವ ಕಸುಬಿನವನು. ಆತ ತಾನಾಗಿಯೇ ಗಣಿತ, ವಿಜ್ಞಾನಗಳನ್ನು ಕಲಿತು ಮಕ್ಕಳಿಗೂ ಕಲಿಸಿದನು. ಓಮ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. 1805ರಲ್ಲಿ ವಿಶ್ವವಿದ್ಯಾಲಯ ಸೇರಿದ ಓಮ್ ಓದುವುದನ್ನು ಬಿಟ್ಟು ನೃತ್ಯ, ಬಿಲಿಯರ್ಡ್ಸ್, ಮಂಜಿನ ಮೇಲೆ ಜಾರುವ ಆಟಗಳಲ್ಲಿ ಕಾಲ ಕಳೆದನು. ತಂದೆಗೆ ಸಿಟ್ಟು ಬಂತು, ಓದು ಅರ್ಧಕ್ಕೇ ನಿಂತಿತು. ಓಮ್ ಸ್ವಿಟ್ಜರ್ಲೆಂಡಿಗೆ ಹೋಗಿ ಶಾಲಾ ಶಿಕ್ಷಕನಾದನು. ಅಲ್ಲಿ ತಾನೇ ಓದಿಕೊಂಡು, ಊರಿಗೆ ಮರಳಿ 1811ರಲ್ಲಿ ಡಾಕ್ಟರೇಟ್ ಪಡೆದನು.

1817ರಲ್ಲಿ ಕೊಲೋನ್ ನಗರದ ಶಾಲೆಯೊಂದರಲ್ಲಿ ಓಮ್‌ಗೆ ಕೆಲಸ ಸಿಕ್ಕಿತು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ತಂತಿಯ ಉದ್ದಕ್ಕೂ ಅದರಲ್ಲಿ ಹರಿಯುವ ವಿದ್ಯುತ್ತಿಗೂ ಏನು ಸಂಬಂಧ? ಇದು ಅವನ ಪ್ರಶ್ನೆ. ಆದರೆ ಅಂದಿನ ಬ್ಯಾಟರಿಗಳ ಶಕ್ತಿ ಬಳಸುತ್ತಿದ್ದಂತೆಯೇ ಕುಂದುತ್ತಿತ್ತು. ಹೀಗಿರುವಾಗ ಅಳತೆ ಸರಿಬರುವುದು ಹೇಗೆ? ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ಒಂದು ಉಪಾಯ ಸೂಚಿಸಿದನು. ಅದರಂತೆ ಓಮ್ ಬಿಸ್ಮತ್ ಮತ್ತು ತಾಮ್ರಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟನು. ಆಗ ಏರುಪೇರಿಲ್ಲದ ವಿದ್ಯುತ್ ದೊರೆಯಿತು! ತಂತಿಯ ಮೇಲೆ ತೂಗುಬಿಟ್ಟ ಕಾಂತಸೂಜಿಯಿಂದ ಪ್ರವಾಹವನ್ನು ಅಳೆದನು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಪರೀಕ್ಷಿಸಿದನು. ತಂತಿ ಉದ್ದವಾದಷ್ಟೂ ಪ್ರವಾಹ ಕಡಿಮೆಯಾಯಿತು.

1827ರಲ್ಲಿ ಅವನು ತನ್ನ ಪುಸ್ತಕವನ್ನು ಪ್ರಕಟಿಸಿದನು. ಉಷ್ಣತೆ ಬದಲಾಗದಿದ್ದರೆ, ತಂತಿಯ ತುದಿಗಳ ನಡುವಿನ ವಿಭವಾಂತರ ಎರಡು ಪಟ್ಟಾದಾಗ ಪ್ರವಾಹವೂ ಎರಡು ಪಟ್ಟಾಗುತ್ತದೆ. ಇದೇ ಓಮ್‌ನ ನಿಯಮ. 3 ವೋಲ್ಟ್ ವಿಭವಾಂತರವಿದ್ದು ರೋಧ 10 ಓಮ್ ಆಗಿದ್ದರೆ 0.3 ಆಂಪೇರ್ ಪ್ರವಾಹ ಹರಿಯುತ್ತದೆ. ರೋಧ 20 ಓಮ್ ಆದರೆ ಎಷ್ಟು? ನೀವೇ ಲೆಕ್ಕ ಹಾಕಿ.

ಇಷ್ಟು ಸರಳವಾದ ನಿಯಮವನ್ನು ಅಂದಿನ ಅನೇಕ ಪಂಡಿತರು ಒಪ್ಪಲಿಲ್ಲ. ನೊಂದ ಓಮ್ 1828ರಲ್ಲಿ ಕೆಲಸವನ್ನೇ ಬಿಟ್ಟನು. ಕೆಲವು ವರ್ಷ ಅಲ್ಪ ಆದಾಯದಲ್ಲಿ ದಿನ ದೂಡಿ, 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಮತ್ತೆ ಅಧ್ಯಾಪಕನಾದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲೆ ಪದಕವನ್ನಿತ್ತು ಗೌರವಿಸಿತು. 1852ರಲ್ಲಿ, 63ನೇ ವಯಸ್ಸಿನಲ್ಲಿ, ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು ನಿಧನನಾದನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿಜ್ಞಾನಿಗಳು ರೋಧದ ಮಾನಕ್ಕೆ ಅವನ ಹೆಸರನ್ನೇ ಅಂಗೀಕರಿಸಿದರು.

ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯನ್ನೇ ನೋಡಿ. ಅದರ ತಾಮ್ರದ ವೈರಿಗೆ ರೋಧ ಕಡಿಮೆ, ಆದ್ದರಿಂದ ಅದು ಹೆಚ್ಚು ಬಿಸಿಯಾಗುವುದಿಲ್ಲ. ಒಳಗಿನ ನೈಕ್ರೋಮ್ ಸುರುಳಿಗೆ ರೋಧ ಹೆಚ್ಚು. ಅದೇ ಪ್ರವಾಹ ಹರಿದರೂ ಅದು ಕಾಯುತ್ತದೆ. ನಮ್ಮ ಚರ್ಮಕ್ಕೂ ರೋಧವಿದೆ, ಒದ್ದೆಯಾದಾಗ ಅದು ಬಹಳ ಇಳಿಯುತ್ತದೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು ಎನ್ನುವುದು ಇದಕ್ಕೇ.

ಮಾಡಿ ನೋಡಿ: ಎರಡು ಟಾರ್ಚ್ ಸೆಲ್, ಟಾರ್ಚಿನ ತಂತಿಬಲ್ಬು, ವೈರು ಮತ್ತು ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ಸೇರಿಸಿ ಮಂಡಲ ಪೂರ್ಣಗೊಳಿಸಿ. ಬಳಿಕ ಅರ್ಧ ಉದ್ದದ ಪೆನ್ಸಿಲ್ ಇಟ್ಟು ನೋಡಿ. ಬೆಳಕು ಯಾವಾಗ ಹೆಚ್ಚು? ಏಕೆ? ನೆನಪಿರಲಿ, ಈ ಪ್ರಯೋಗಕ್ಕೆ ಸೆಲ್ ಮಾತ್ರ ಬಳಸಿ. ಗೋಡೆಯ ಪ್ಲಗ್ಗಿಗೆ ಎಂದೂ ಕೈಹಾಕಬೇಡಿ.