ವರ್ಣಸಾಧಕಿ ಆಲ್ಮಾ ಥಾಮಸ್

ಸಾಧನೆಗೆ ವಯಸ್ಸು ಅಡ್ಡಿಯಾಗದೆಂಬುದಕ್ಕೆ ಅಮೆರಿಕದ ಚಿತ್ರಕಲಾವಿದೆ ಆಲ್ಮಾ ಥಾಮಸ್ ಅವರ ಬಾಳು ಉತ್ತಮ ನಿದರ್ಶನವಾಗಿದೆ.

ಆಲ್ಮಾ 1891ರ ಸೆಪ್ಟೆಂಬರ್ 22ರಂದು ಜಾರ್ಜಿಯಾ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ ಜನಿಸಿದರು. ನಾಲ್ವರು ಸೋದರಿಯರಲ್ಲಿ ಅವರೇ ಹಿರಿಯರು. ಅಂದು ಆ ಪಟ್ಟಣದ ಗ್ರಂಥಾಲಯಕ್ಕೆ ಕಪ್ಪು ಜನರು ಓದುಗರಾಗಿ ಹೋಗುವಂತಿರಲಿಲ್ಲ. ಅವರ ಮಕ್ಕಳಿಗೆ ಪ್ರೌಢಶಾಲೆಯೂ ಇರಲಿಲ್ಲ. ವರ್ಣದ್ವೇಷದ ಹಿಂಸೆಗೆ ಅಂಜಿ, ಮಕ್ಕಳ ವಿದ್ಯಾಭ್ಯಾಸವನ್ನು ಬಯಸಿ, ತಂದೆತಾಯಿಗಳು 1907ರಲ್ಲಿ ವಾಷಿಂಗ್ಟನ್ ನಗರಕ್ಕೆ ಬಂದು ನೆಲೆಸಿದರು.

ಆಲ್ಮಾ 1924ರಲ್ಲಿ ಹೊವರ್ಡ್ ವಿಶ್ವವಿದ್ಯಾನಿಲಯದ ಲಲಿತಕಲಾ ವಿಭಾಗದಿಂದ ಪದವಿ ಪಡೆದರು. ಆ ವಿಭಾಗದ ಮೊದಲ ಪದವೀಧರರು ಅವರೇ. ಅನಂತರ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ 35 ವರ್ಷ ದುಡಿದರು. ಬಿಡುವು ದೊರೆತಾಗ ಚಿತ್ರ ಬರೆಯುತ್ತಿದ್ದರೂ ಅವರ ಹೆಚ್ಚಿನ ಕಾಲವೆಲ್ಲ ವಿದ್ಯಾರ್ಥಿಗಳಿಗೇ ಮೀಸಲಾಗಿತ್ತು. 1960ರಲ್ಲಿ ನಿವೃತ್ತರಾದ ಮೇಲೆಯೇ ಅವರಿಗೆ ಕಲೆಗಾಗಿ ಪೂರ್ಣ ಕಾಲ ದೊರೆಯಿತು.

ಆದರೆ ಅಷ್ಟರಲ್ಲಿ ಸಂಧಿವಾತ ಅವರನ್ನು ಕಾಡತೊಡಗಿತು. ಕುಂಚವನ್ನೇ ಕೆಳಗಿಡಬೇಕೆನ್ನಿಸುವಷ್ಟು ನೋವು. ಆ ಸಮಯದಲ್ಲಿ ಹೊವರ್ಡ್ ವಿಶ್ವವಿದ್ಯಾನಿಲಯವು ಅವರ ಚಿತ್ರಗಳ ಪ್ರದರ್ಶನ ನಡೆಸಲು ಮುಂದೆ ಬಂದಿತು. ಹಳೆಯ ಚಿತ್ರಗಳನ್ನಷ್ಟೇ ತೋರಿಸಲು ಅವರ ಮನಸ್ಸು ಒಪ್ಪಲಿಲ್ಲ. ಹೊಸತನ್ನು ಅರಸಿದ ಅವರಿಗೆ ದಾರಿ ತೋರಿದ್ದು ಮನೆಯ ಕಿಟಕಿ. ಅದರಾಚೆ ಹಾಲಿ ಎಂಬ ಜಾತಿಯ ಮರವೊಂದಿತ್ತು. ಅದರ ಎಲೆಗಳು ಗಾಳಿಗೆ ಅಲುಗಿದಾಗ ಬೆಳಕು ನೂರಾರು ಚೂರುಗಳಾಗಿ ಹೊಳೆಯುತ್ತಿತ್ತು. ಆ ನೋಟವೇ ಅವರ ಚಿತ್ರಗಳ ವಿನ್ಯಾಸವಾಯಿತು.

ಕುಂಚದ ಗಿಡ್ಡನೆಯ ಬಣ್ಣದ ಗುರುತುಗಳು ಒಂದರ ಪಕ್ಕದಲ್ಲೊಂದು. ಕೆಲವು ಚಿತ್ರಗಳಲ್ಲಿ ಸಾಲುಸಾಲಾಗಿ, ಕೆಲವುಗಳಲ್ಲಿ ನಡುಬಿಂದುವಿನ ಸುತ್ತ ಬಳೆಬಳೆಯಾಗಿ. ಒಂದೇ ಆಕಾರ ಮತ್ತೆ ಮತ್ತೆ ಬಂದರೂ, ಮರದ ಎಲೆಗಳಂತೆ, ಒಂದು ಗುರುತು ಇನ್ನೊಂದರಂತಿಲ್ಲ. ನಡುವಣ ಬಿಳಿಯ ಸಂದುಗಳು ಬೆಳಕನ್ನು ಸೂಸುತ್ತವೆ. ಹೂವಿನ ರೂಪವನ್ನು ಬರೆಯದೆ, ಬಣ್ಣಗಳ ಹೊಂದಾಣಿಕೆಯಿಂದಲೇ ಹೂದೋಟದ ಉಲ್ಲಾಸವನ್ನು ಅವರು ಮೂಡಿಸಿದರು. ಮಾನವನ ಚಂದ್ರಯಾನವೂ ಅವರ ಚಿತ್ರಗಳಿಗೆ ವಸ್ತುವಾಯಿತು.

1972ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು. ಅಲ್ಲಿ ಏಕವ್ಯಕ್ತಿ ಪ್ರದರ್ಶನದ ಗೌರವ ಪಡೆದ ಮೊದಲ ಕಪ್ಪು ಮಹಿಳೆ ಅವರು. ಆಗ ಅವರ ವಯಸ್ಸು 80. ನೋವನ್ನು ಸಹಿಸುತ್ತಲೇ ಕೃತಿರಚನೆಯನ್ನು ಮುಂದುವರಿಸಿ, 1978ರ ಫೆಬ್ರವರಿ 24ರಂದು ಅವರು ನಿಧನರಾದರು.

2015ರಲ್ಲಿ ಅವರ ಚಿತ್ರವೊಂದು ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದ ಗೋಡೆಯನ್ನು ಅಲಂಕರಿಸಿತು. ಬಾಲ್ಯದಲ್ಲಿ ಗ್ರಂಥಾಲಯದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಕೃತಿಗೆ ದೇಶದ ಅತ್ಯುನ್ನತ ಭವನದಲ್ಲಿ ಸ್ಥಾನ ದೊರೆಯಿತು. ಎಲ್ಲರ ಕಣ್ಣೆದುರಿಗಿರುವ ಮರವನ್ನು ಶ್ರದ್ಧೆಯಿಂದ ನೋಡಿದುದೇ ಅವರ ಕಲೆಯ ಮೂಲ.